ಅಪ್‌ಡೇಟ್: ಕೈ ಕಚ್ಚುತ್ತಿದ್ದ ನಮ್ಮ ಮರಿ ಈಗ ಎಷ್ಟೋ ವಾಸಿ

ಆಟದಲ್ಲಿ ನಾಯಿಮರಿ ಎಲ್ಲರ ಕೈ ಕಚ್ಚುತ್ತದೆ, ಏನು ಮಾಡಲಿ ಅಂತ ರಾಯಚೂರಿನಿಂದ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ಜಾಸ್ತಿ ಕೆಲಸಕ್ಕೆ ಬಂದದ್ದು ಆಟ ನಿಲ್ಲಿಸುವ ಉಪಾಯ. ಹಲ್ಲು ತಾಗಿದ ಕೂಡಲೇ ಕೈ ಸಡಿಲ ಬಿಟ್ಟು, ಸುಮ್ನೆ ಎದ್ದು ಹೋಗುತ್ತೇವೆ. ಕೈ ಎಳೆದುಕೊಂಡರೆ ಅದಕ್ಕೆ ಅದೂ ಆಟವೇ, ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ಮನೆಯವರೆಲ್ಲ ಒಂದೇ ರೀತಿ ಮಾಡಬೇಕು. ನಮ್ಮ ಕಾಕಾ ಮಾತ್ರ ಬರಿಗೈಲೇ ಆಡಿಸುತ್ತಿದ್ದರು. ಅವರ ಕೈಗೆ ಗಂಟು ಹಾಕಿದ ಹಗ್ಗ ಕೊಟ್ಟ ಮೇಲೆಯೇ ನಿಜವಾದ ಬದಲಾವಣೆ ಕಂಡಿತು.

ಸಂಜೆಯ ಕಚ್ಚಾಟಕ್ಕೆ ನಿದ್ದೆ ಸಾಲದ್ದೇ ಕಾರಣ ಅಂದರು ಪಶುವೈದ್ಯರು. ಮರಿಗಳಿಗೆ ದಿನಕ್ಕೆ ಸುಮಾರು 18 ಗಂಟೆ ನಿದ್ದೆ ಬೇಕು. ನಮ್ಮೂರ ಬಿಸಿಲಲ್ಲಿ ಅದು ಸುಲಭವಲ್ಲ, ಅಲ್ವಾ? ಈಗ ಮಧ್ಯಾಹ್ನ ಕೂಲರ್ ಹತ್ತಿರ ಮಲಗಿಸುತ್ತೇವೆ.

ಹಾಲುಹಲ್ಲು ಉದುರುವ ಕಾಲ ಇದು, 6-7 ತಿಂಗಳಾಗುವವರೆಗೆ ಒಸಡು ಕಡಿಯುತ್ತದೆ. ಫ್ರಿಜ್ಜಿನಲ್ಲಿಟ್ಟ ಗಜ್ಜರಿ ಕೊಟ್ಟರೆ ಖುಷಿಯಾಗಿ ಅಗಿಯುತ್ತದೆ. ನಾವು ಎದುರಿಗೇ ಕೂತಿರುತ್ತೇವೆ.

ಒಂದು ಮಾತು: ಹಲ್ಲು ತಾಗಿ ಚರ್ಮ ಗೀರಿದರೆ 15 ನಿಮಿಷ ಸೋಪು ನೀರಲ್ಲಿ ತೊಳೆದು ಡಾಕ್ಟರಿಗೆ ತೋರಿಸಿ. ಮರಿ ಅಂತ ಬಿಡಬೇಡಿ.

ಪ್ಯಾಂಟಿನ ಅಂಚು ಹಿಡಿದು ಜಗ್ಗುವುದು ಇನ್ನೂ ನಿಂತಿಲ್ಲ. ಅದಕ್ಕೇನಾದರೂ ಉಪಾಯ ಇದ್ದರೆ ಹೇಳಿ.