ಗಂಟೆಗಟ್ಟಲೆ ಬಿಎಂಪಿ ಯುದ್ಧವಾಹನದ ಒಳಗೆ ಕೂತು ಇಳಿದವನು ಓಡಬಲ್ಲನಾ?

ಮಲ್ಪೆ ಬಂಗುಡೆ: ನಿನ್ನೆ ರಾತ್ರಿ ಬೆಂಗಳೂರಿನಿಂದ ಸೀಟರ್ ಬಸ್ಸಲ್ಲಿ ಬಂದೆ. ಉಡುಪಿಯಲ್ಲಿ ಇಳಿಯುವಾಗ ಕಾಲೆಲ್ಲ ಜೋಮು. ಸೈನಿಕರನ್ನು ಹೊತ್ತೊಯ್ಯುವ ಬಿಎಂಪಿ-2 ಎಂಬ ಉಕ್ಕಿನ ಯುದ್ಧವಾಹನದಲ್ಲಿ ಏಳೆಂಟು ಗಂಟೆ ಕೂತವರು ಬಾಗಿಲು ತೆರೆದ ಕೂಡಲೇ ಓಡಬೇಕಲ್ಲ, ಹೇಗೆ?

ಕಾಪು ಕಡಲು: ಅವರಿಗೆ ಟ್ರೈನಿಂಗ್ ಉಂಟು ಮಾರಾಯ್ರೆ. ಸುಮ್ನೆ ದೊಡ್ಡದು ಮಾಡಬೇಡಿ.

ಕಾರ್ಕಳದ ಫೌಜಿ: ನಾನು ಅದರಲ್ಲೇ ಕೂತು ಬಂದವನು. ಜೋಮು ಹಿಡಿದ ಕಾಲಿಗೆ ಟ್ರೈನಿಂಗ್ ಗೊತ್ತಿಲ್ಲ. ಸಿಬ್ಬಂದಿ ಮೂವರು ಬಿಟ್ಟರೆ ಇಳಿದು ಹೋರಾಡುವವರು ಏಳು ಜನ. ಹಿಂದುಗಡೆ ಬೆನ್ನಿಗೆ ಬೆನ್ನು ಕೊಟ್ಟು ಕೂರಬೇಕು. ನೆಟ್ಟಗೆ ನಿಲ್ಲಲು ಜಾಗ ಇಲ್ಲ. ಮೇ ತಿಂಗಳ ರಾಜಸ್ಥಾನದಲ್ಲಿ ಒಳಗೆ ಕೂತವನೇ ಬಲ್ಲ. ಇಳಿದಾಗ ಮೊದಲ ಹತ್ತು ಹೆಜ್ಜೆ ಕುಡಿದವನ ಹಾಗೆ.

ಮಣಿಪಾಲ ಫಿಸಿಯೋ: ನಡೆಯುವಾಗ ಮೀನಖಂಡ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಕೂತೇ ಇದ್ದರೆ ಆ ಕೆಲಸ ನಿಲ್ಲುತ್ತದೆ. 1940ರಲ್ಲಿ ಲಂಡನ್ನಿನಲ್ಲಿ ಬಾಂಬ್ ದಾಳಿ ನಡೆಯುತ್ತಿದ್ದಾಗ ಜನ ಆಶ್ರಯತಾಣಗಳಲ್ಲಿ ಮಡಚುವ ಕುರ್ಚಿ ಮೇಲೆ ರಾತ್ರಿ ಕಳೆದರು. ಕೆಲವರ ಕಾಲಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಶ್ವಾಸಕೋಶಕ್ಕೆ ಹೋಗಿ ಸತ್ತರು. ಸೈನಿಕರಿಗೆ ಇದರ ಮೇಲೆ ಅಲುಗಾಟ ಬೇರೆ. ಸೆಕೆಂಡಿಗೆ 4ರಿಂದ 8 ಸಲ ಮೇಲೆ ಕೆಳಗೆ ಕುಲುಕಿದರೆ ಕೂತ ದೇಹಕ್ಕೆ ಜಾಸ್ತಿ ತೊಂದರೆ.

ಸುರತ್ಕಲ್ ಲಾರಿ: ಶಿರಾಡಿ ಘಾಟಿಯಲ್ಲಿ ನನಗೆ ಎಂತದೂ ಆಗುವುದಿಲ್ಲ, ಹಿಂದೆ ಮಲಗಿದ ಕ್ಲೀನರ್ ವಾಂತಿ ಮಾಡ್ತಾನೆ!

ಮಣಿಪಾಲ ಫಿಸಿಯೋ: ಅದೇ ಅಣ್ಣ. ನಿಮಗೆ ತಿರುವು ಮೊದಲೇ ಕಾಣುತ್ತದೆ, ಅವನಿಗಿಲ್ಲ. ಕಿವಿಯೊಳಗಿನ ಸಮತೋಲನದ ಅಂಗ 'ಓಡ್ತಾ ಇದ್ದೇವೆ' ಅಂದರೆ ಕಣ್ಣು 'ಇಲ್ಲ' ಅನ್ನುತ್ತದೆ. ಉಕ್ಕಿನ ಡಬ್ಬಿಯಲ್ಲಿ ಕೂತವರಿಗೂ ಅದೇ ಕಥೆ.

ಕಾಪು ಕಡಲು: ಹಾಗಾದರೆ ಎರಡು ಗಂಟೆಗೊಮ್ಮೆ ಇಳಿಸಿ ನಡೆಸಿದರೆ ಆಯ್ತಲ್ವಾ?

ಕಾರ್ಕಳದ ಫೌಜಿ: ಅಭ್ಯಾಸದಲ್ಲಿ ಸರಿ. ಗುಂಡು ಹಾರುವಲ್ಲಿ ಯಾರು ನಿಲ್ಲಿಸ್ತಾರೆ? ಇನ್ನೊಂದು ಮಾತು, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಮೂತ್ರಕ್ಕೆ ಇಳಿಯಲು ಆಗುವುದಿಲ್ಲ ಅಂತ ನಮ್ಮ ಹುಡುಗರು ನೀರೇ ಕುಡಿಯುತ್ತಿರಲಿಲ್ಲ. ಬಾಟಲಿ ತುಂಬಿಯೇ ವಾಪಸ್ ಬರುತ್ತಿತ್ತು.

ಮಣಿಪಾಲ ಫಿಸಿಯೋ: ಸೀಟಿಗಿಂತ ಅದೇ ದೊಡ್ಡ ಪೆಟ್ಟು ಅಂತ ನನಗನಿಸುತ್ತದೆ. ದೇಹದ ತೂಕದ ಶೇಕಡಾ 2ರಷ್ಟು ನೀರು ಕಮ್ಮಿಯಾದರೆ, ಸೆಖೆಯಲ್ಲಿ ದಣಿವು ಬೇಗ ಬರುತ್ತದೆ. 70 ಕಿಲೋ ಆಳಿಗೆ ಅದು ಬರೀ 1.4 ಲೀಟರ್.

ಕಾಪು ಕಡಲು: ಸರಿ, ನೀರಿನ ಮಾತು ಒಪ್ಪಿದೆ. ಆದರೂ ನೀವು ಓಡಿದಿರಲ್ಲ?

ಕಾರ್ಕಳದ ಫೌಜಿ: ಓಡಿದೆ. ಗುರಿ ಇಟ್ಟದ್ದು ಎಲ್ಲಿಗೆ ತಾಗಿತು ಅಂತ ಕೇಳಬೇಡಿ.