ವಿಪಿಎನ್ ಹಾಕಿದರೆ ಬೇರೆ ದೇಶದ ಸೀರೀಸ್ ಗ್ಯಾರಂಟಿ ಬರುತ್ತದಾ? ಇವತ್ತು ಬಂದದ್ದು ನಾಳೆ ಬರುತ್ತಿಲ್ಲ

ಬಿಂಜ್‌ಪ್ರಿಯ:

ಎಲ್ಲರಿಗೂ ನಮಸ್ಕಾರ. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ನನಗೆ ಬೇಕಾದ ಸೀರೀಸ್ ನಾನಿರುವ ದೇಶದ ಕ್ಯಾಟಲಾಗ್‌ನಲ್ಲಿ ಇಲ್ಲ. ಅದೇ ಸರ್ವಿಸ್‌ನ ಇನ್ನೊಂದು ದೇಶದ ಕ್ಯಾಟಲಾಗ್‌ನಲ್ಲಿ ಇದೆ. ಅದಕ್ಕೇ ದುಡ್ಡು ಕೊಟ್ಟು ವಿಪಿಎನ್ (ನಮ್ಮ ಇಂಟರ್‌ನೆಟ್ ಅನ್ನು ಬೇರೆ ದೇಶದ ಸರ್ವರ್ ಮೂಲಕ ಕಳಿಸುವ ಆಪ್) ತೆಗೆದುಕೊಂಡೆ. ಮೊದಲು ಚೆನ್ನಾಗಿಯೇ ಓಡಿತು. ಆಮೇಲೆ ಒಂದು ರಾತ್ರಿ ಎಪಿಸೋಡ್ ಒತ್ತಿದರೆ ಪರದೆ ಕಪ್ಪು, ವಿಪಿಎನ್ ಆಫ್ ಮಾಡಿ ಮತ್ತೆ ನೋಡಿ ಅಂತ ಮೆಸೇಜ್. ಅದೇ ದೇಶದ ಬೇರೆ ಸರ್ವರ್ ಹಿಡಿದೆ, ಬಂತು. ಮರುದಿನ ಅದೂ ಹೋಯಿತು. ಇನ್ನೂ ಅರ್ಥ ಆಗದ್ದು ಅಂದರೆ ಲ್ಯಾಪ್‌ಟಾಪ್‌ನಲ್ಲಿ ಬರುತ್ತಿರುವ ಹೊತ್ತಿನಲ್ಲೇ, ಅದೇ ವಿಪಿಎನ್, ಅದೇ ಸರ್ವರ್, ಫೋನಿನಲ್ಲಿ ಬರುವುದಿಲ್ಲ. ಫೋನಿನಿಂದ ಟಿವಿಗೆ ಕಾಸ್ಟ್ ಮಾಡಿದರೆ ನಮ್ಮ ದೇಶದ್ದೇ ಕ್ಯಾಟಲಾಗ್ ತೋರಿಸುತ್ತದೆ.

ವಿಪಿಎನ್ ಕಂಪನಿಯ ಜಾಹೀರಾತಿನಲ್ಲಿ ಎಲ್ಲಾ ಸರ್ವಿಸ್ ಓಪನ್ ಆಗುತ್ತದೆ ಅಂತಲೇ ಇತ್ತು. ನಿಜವಾಗಿ ಎಷ್ಟು ನಂಬಬಹುದು? ಕಂಪನಿ ಬದಲಾಯಿಸಿದರೆ ಸರಿಹೋಗುತ್ತದಾ, ಇಲ್ಲ ಎಲ್ಲಾ ಕಡೆ ಇದೇ ಕಥೆಯಾ? ಹೀಗೆ ಮಾಡುತ್ತಾ ಹೋದರೆ ನನ್ನ ಅಕೌಂಟ್‌ಗೇನಾದರೂ ತೊಂದರೆ ಇದೆಯಾ?

ರೂಟರ್‌ಮನೆ:

ಗ್ಯಾರಂಟಿ ಇಲ್ಲ. ಯಾವ ಕಂಪನಿಯೂ ಕೊಡಲು ಆಗುವುದಿಲ್ಲ. ಜಾಹೀರಾತಿನಲ್ಲಿ ಬರೆದದ್ದು ಬರೆದ ದಿನಕ್ಕೆ ನಿಜ ಇರಬಹುದು, ಅಷ್ಟೇ.

ಸ್ಟ್ರೀಮಿಂಗ್ ಸರ್ವಿಸ್‌ಗೆ ಮೊದಲು ಕಾಣುವುದು ನಿಮ್ಮ ರಿಕ್ವೆಸ್ಟ್ ಯಾವ ಐಪಿ ಅಡ್ರೆಸ್‌ನಿಂದ (ಇಂಟರ್‌ನೆಟ್‌ನಲ್ಲಿ ನಿಮ್ಮ ಕನೆಕ್ಷನ್‌ನ ನಂಬರ್) ಬಂತು ಅನ್ನುವುದು. ಆ ಅಡ್ರೆಸ್ ಯಾವ ದೇಶದ್ದು, ಯಾವ ಕಂಪನಿಯ ಹೆಸರಿನಲ್ಲಿದೆ ಅಂತ ಹೇಳುವ ಡೇಟಾಬೇಸ್‌ಗಳೇ ಇವೆ, ಮ್ಯಾಕ್ಸ್‌ಮೈಂಡ್ ಥರದವು. ಮನೆಗಳಿಗೆ ಇಂಟರ್‌ನೆಟ್ ಕೊಡುವ ಕಂಪನಿಯ ಅಡ್ರೆಸ್ ಆದರೆ ಅನುಮಾನ ಕಡಿಮೆ. ವಿಪಿಎನ್ ಸರ್ವರ್‌ಗಳು ಸಾಮಾನ್ಯವಾಗಿ ಇರುವ ಡೇಟಾ ಸೆಂಟರ್‌ನದ್ದಾದರೆ ಜಾಸ್ತಿ, ಯಾಕೆಂದರೆ ಡೇಟಾ ಸೆಂಟರ್‌ನಲ್ಲಿ ಕೂತು ಯಾರೂ ಸೀರೀಸ್ ನೋಡುವುದಿಲ್ಲ ಅಲ್ವಾ. ಅದರ ಮೇಲೆ ಒಂದೇ ಅಡ್ರೆಸ್‌ನಿಂದ ಒಂದೇ ಸಂಜೆ, ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ರಾಶಿ ಅಕೌಂಟ್‌ಗಳು ವಿಡಿಯೊ ಹಾಕಿಕೊಂಡರೆ ಗೊತ್ತಾಗದೆ ಇರುತ್ತದಾ? ಆ ಅಡ್ರೆಸ್ ಬ್ಲಾಕ್ ಲಿಸ್ಟ್‌ಗೆ ಹೋಗುತ್ತದೆ. ವಿಪಿಎನ್ ಕಂಪನಿ ಹೊಸ ಅಡ್ರೆಸ್ ತಂದು ಹಾಕುತ್ತದೆ. ಅದೂ ಒಂದು ದಿನ ಸಿಕ್ಕಿಬೀಳುತ್ತದೆ. ಇವರು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ.

ನಿಮಗೆ ಸರ್ವರ್ ಬದಲಾಯಿಸಿದಾಗ ಬಂದು ಮರುದಿನ ನಿಂತದ್ದು ಇದೇ ಕಾರಣಕ್ಕೆ ಇರಬೇಕು. ಹಾಗಾಗಿ 'ಯಾವ ವಿಪಿಎನ್ ಕೆಲಸ ಮಾಡುತ್ತದೆ' ಅಂತ ಕೇಳುವುದಕ್ಕಿಂತ 'ಈ ಸರ್ವರ್‌ನ ಅಡ್ರೆಸ್ ಇವತ್ತು ಲಿಸ್ಟ್‌ನಲ್ಲಿ ಇದೆಯಾ' ಅಂತ ಕೇಳಬೇಕು. ಒಳ್ಳೆಯ ಕಂಪನಿ, ಕೆಟ್ಟ ಕಂಪನಿ ಅನ್ನುವ ವ್ಯತ್ಯಾಸ ಇದೆ, ಆದರೆ ಅದು ಬ್ಲಾಕ್ ಆದಾಗ ಎಷ್ಟು ಬೇಗ ಹೊಸ ಅಡ್ರೆಸ್ ತರುತ್ತಾರೆ ಅನ್ನುವುದರಲ್ಲಿ.

ಇದು ಇವತ್ತು ನಿನ್ನೆಯದಲ್ಲ. ಅಮೆರಿಕದ ಸ್ಟ್ರೀಮಿಂಗ್ ಸರ್ವಿಸ್ ಹುಲು 2014ರಲ್ಲೇ ವಿಪಿಎನ್ ತಡೆಯಲು ಶುರುಮಾಡಿತು. ಬಿಬಿಸಿ ಐಪ್ಲೇಯರ್ 2015ರಲ್ಲಿ. ನೆಟ್‌ಫ್ಲಿಕ್ಸ್ 2016ರ ಜನವರಿಯಲ್ಲಿ ಒಂದೇ ಸಲಕ್ಕೆ 130 ಹೊಸ ದೇಶಗಳಿಗೆ ಬಂತು, ಅದೇ ತಿಂಗಳು ದೇಶ ಮರೆಮಾಡುವ ಪ್ರಾಕ್ಸಿ, ಅನ್‌ಬ್ಲಾಕರ್ ಎಲ್ಲಾ ತಡೆಯುತ್ತೇವೆ ಅಂತ ಘೋಷಿಸಿತು. ಸಿನಿಮಾ, ಸೀರೀಸ್‌ಗಳ ಹಕ್ಕು ಮಾರುವುದು ದೇಶ ದೇಶಕ್ಕೆ ಬೇರೆ ಬೇರೆಯಾಗಿ. ಒಂದು ದೇಶದಲ್ಲಿ ಹಕ್ಕು ಕೊಂಡವರು, ನಮ್ಮ ಜನ ಪಕ್ಕದ ದೇಶದ ಬಾಗಿಲಿನಿಂದ ನೋಡುತ್ತಿದ್ದರೆ ನಾವು ಯಾಕೆ ದುಡ್ಡು ಕೊಡಬೇಕು ಅಂತ ಕೇಳುತ್ತಾರೆ. ಆ ಒತ್ತಡ ಇರುವ ತನಕ ತಡೆಯುವುದು ನಿಲ್ಲುವುದಿಲ್ಲ.

ಎಲ್ಲಾ ಸರ್ವಿಸ್ ಒಂದೇ ಅಲ್ಲ, ಅದನ್ನೂ ಹೇಳಬೇಕು. ಐಪಿ ಯಾವ ದೇಶದ್ದು ಅಂತ ಮಾತ್ರ ನೋಡಿ ಬಿಡುವ ಸಣ್ಣ ಚಾನೆಲ್‌ಗಳ ಸೈಟ್ ವಿಪಿಎನ್‌ನಲ್ಲಿ ಸಲೀಸಾಗಿ ಬರುವುದುಂಟು. ದೊಡ್ಡವರ ಹತ್ತಿರ ಇದಕ್ಕೇ ಟೀಮ್ ಇರುತ್ತದೆ.

ಪೋರ್ಟ್443:

ರೂಟರ್‌ಮನೆ ಹೇಳಿದ್ದು ಸರಿ, ಆದರೆ ಲ್ಯಾಪ್‌ಟಾಪ್‌ನಲ್ಲಿ ಬಂದು ಫೋನಿನಲ್ಲಿ ಬರದೆ ಇರುವುದಕ್ಕೆ ಬ್ಲಾಕ್ ಲಿಸ್ಟ್ ಕಾರಣ ಅಲ್ಲ. ಅಡ್ರೆಸ್ ಒಂದೇ ಅಲ್ವಾ. ಅಲ್ಲಿ ಬೇರೆ ಏನೋ ನಿಮ್ಮ ಜಾಗ ಬಿಟ್ಟುಕೊಡುತ್ತಿದೆ.

ಫೋನಿನಲ್ಲಿ ಆಪ್‌ಗೆ ಲೊಕೇಶನ್ ಪರ್ಮಿಶನ್ ಕೊಟ್ಟಿದ್ದರೆ ಜಿಪಿಎಸ್ ನೋಡುವ ಸರ್ವಿಸ್‌ಗಳಿವೆ. ವಿಪಿಎನ್ ನಿಮ್ಮ ಐಪಿ ಬದಲಾಯಿಸುತ್ತದೆ, ಜಿಪಿಎಸ್ ಅನ್ನು ಮುಟ್ಟುವುದೇ ಇಲ್ಲ. ಮೊದಲು ಆ ಪರ್ಮಿಶನ್ ತೆಗೆಯಿರಿ, ಆಪ್ ಉಳಿಸಿಟ್ಟುಕೊಂಡ ಹಳೆಯ ಡೇಟಾ (ಕ್ಯಾಶ್) ತೆಗೆಯಿರಿ, ಫೋರ್ಸ್ ಸ್ಟಾಪ್ ಮಾಡಿ, ವಿಪಿಎನ್ ಕನೆಕ್ಟ್ ಆದ ಮೇಲೆಯೇ ಆಪ್ ತೆರೆಯಿರಿ. ಆಪ್ ಮೊದಲೇ ತೆರೆದಿಟ್ಟು ಆಮೇಲೆ ವಿಪಿಎನ್ ಹಾಕಿದರೆ ಹಳೆಯ ದೇಶವನ್ನೇ ಹಿಡಿದುಕೊಂಡಿರುತ್ತದೆ.

ಎರಡನೆಯದು ಐಪಿವಿ6, ಅಂದರೆ ಹೊಸ ಥರದ ಉದ್ದನೆಯ ಐಪಿ ಅಡ್ರೆಸ್. ಇದನ್ನು ಜಾಸ್ತಿ ಜನ ನೋಡುವುದೇ ಇಲ್ಲ, ದಯವಿಟ್ಟು ನೋಡಿ. ವಿಪಿಎನ್ ಹಾಕಿಕೊಂಡು, ಐಪಿ ತೋರಿಸುವ ಯಾವುದಾದರೂ ಸೈಟ್ ತೆರೆಯಿರಿ. ನಡುವೆ ಚುಕ್ಕಿ ಇಟ್ಟು ಬರೆದ ನಾಲ್ಕು ಸಂಖ್ಯೆಗಳ ಅಡ್ರೆಸ್ ಒಂದು ಇರುತ್ತದೆ, ಅದು ವಿಪಿಎನ್ ಸರ್ವರ್‌ನದ್ದು. ಅದರ ಕೆಳಗೆ ಎರಡೆರಡು ಚುಕ್ಕಿ (:) ಇರುವ ಉದ್ದನೆಯ ಇನ್ನೊಂದು ಅಡ್ರೆಸ್ ಕಂಡು, ಪಕ್ಕದಲ್ಲಿ ನಿಮ್ಮ ಸ್ವಂತ ಇಂಟರ್‌ನೆಟ್ ಕಂಪನಿಯ ಹೆಸರು ಇದ್ದರೆ ಸೋರಿಕೆ ಅಲ್ಲೇ ಇದೆ. ವಿಪಿಎನ್ ಹಳೆಯ ಥರದ ಅಡ್ರೆಸ್ ಅನ್ನು ಮಾತ್ರ ಸುರಂಗದೊಳಗೆ ಹಾಕುತ್ತಿದೆ, ಹೊಸ ಥರದ್ದು ಹೊರಗಿನಿಂದಲೇ ಹೋಗುತ್ತಿದೆ. ಮನೆಯ ವೈಫೈಯಲ್ಲಿ ಕೂತ ಲ್ಯಾಪ್‌ಟಾಪ್‌ಗೆ ಐಪಿವಿ6 ಇಲ್ಲದೆ, ಮೊಬೈಲ್ ಡೇಟಾದಲ್ಲಿರುವ ಫೋನಿಗೆ ಇದ್ದರೆ ಒಂದರಲ್ಲಿ ಬಂದು ಇನ್ನೊಂದರಲ್ಲಿ ಬರದೆ ಇರುವುದು ಸಹಜ. ವಿಪಿಎನ್ ಆಪ್‌ನಲ್ಲಿ ಐಪಿವಿ6 ಲೀಕ್ ತಡೆಯುವ ಆಯ್ಕೆ ಇರುತ್ತದೆ, ಆನ್ ಮಾಡಿ. ಡಿಎನ್‌ಎಸ್ (ಸೈಟ್‌ನ ಹೆಸರಿಗೆ ಐಪಿ ಅಡ್ರೆಸ್ ಹುಡುಕಿಕೊಡುವ ವ್ಯವಸ್ಥೆ) ಕೂಡ ವಿಪಿಎನ್ ಮೂಲಕವೇ ಹೋಗುತ್ತಿದೆಯಾ ಅಂತ ಅದೇ ಥರದ ಸೈಟ್‌ನಲ್ಲಿ ನೋಡಿಬಿಡಿ.

ಟಿವಿ ವಿಷಯ. ಕಾಸ್ಟ್ ಮಾಡಿದಾಗ ವಿಡಿಯೊ ಫೋನಿನಿಂದ ಟಿವಿಗೆ ಹೋಗುವುದಿಲ್ಲ. ಫೋನ್ ಸುಮ್ನೆ ರಿಮೋಟ್ ಆಗುತ್ತದೆ, ಟಿವಿಗೆ ಹಾಕಿದ ಕ್ರೋಮ್‌ಕಾಸ್ಟ್ ಸಾಧನ ತಾನೇ ನೇರವಾಗಿ ಇಂಟರ್‌ನೆಟ್‌ನಿಂದ ಎಳೆದುಕೊಳ್ಳುತ್ತದೆ. ಫೋನಿನ ವಿಪಿಎನ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ರೂಟರ್‌ನಲ್ಲೇ ವಿಪಿಎನ್ ಹಾಕಬೇಕು, ಅಥವಾ ಆಂಡ್ರಾಯ್ಡ್ ಟಿವಿ ಆದರೆ ಅದರಲ್ಲೇ ವಿಪಿಎನ್ ಆಪ್ ಹಾಕಿಕೊಳ್ಳಬಹುದು. ಸ್ಮಾರ್ಟ್ ಡಿಎನ್‌ಎಸ್ ಅಂತ ಇನ್ನೊಂದು ದಾರಿ ಇದೆ. ಅದು ದೇಶ ಪತ್ತೆ ಮಾಡುವ ಟ್ರಾಫಿಕ್ ಅನ್ನು ಮಾತ್ರ ಬೇರೆ ದೇಶದ ಮೂಲಕ ಕಳಿಸುತ್ತದೆ, ಏನನ್ನೂ ಎನ್‌ಕ್ರಿಪ್ಟ್ ಮಾಡುವುದಿಲ್ಲ, ಹಾಗಾಗಿ ಸ್ಪೀಡ್ ಬೀಳುವುದಿಲ್ಲ. ಆದರೆ ಕ್ರೋಮ್‌ಕಾಸ್ಟ್ ನೀವು ಕೊಟ್ಟ ಡಿಎನ್‌ಎಸ್ ಬಿಟ್ಟು ಗೂಗಲ್‌ನ 8.8.8.8 ಅನ್ನೇ ಕೇಳುವುದುಂಟು. ಅದನ್ನು ರೂಟರ್‌ನಲ್ಲಿ ತಡೆಯದಿದ್ದರೆ ಸ್ಮಾರ್ಟ್ ಡಿಎನ್‌ಎಸ್ ಹಾಕಿಯೂ ಪ್ರಯೋಜನ ಇಲ್ಲ.

ಸಂಜೆಶೋ:

ನನಗೆ ಇಷ್ಟೆಲ್ಲಾ ಸೆಟ್ಟಿಂಗ್ ಗೊತ್ತಿಲ್ಲ, ಆದರೆ ರೆಸಿಡೆನ್ಶಿಯಲ್ ಐಪಿ ಕೊಡುವ ಸರ್ವಿಸ್‌ಗಳಿವೆಯಲ್ಲ, ಮನೆಗಳ ಅಡ್ರೆಸ್‌ನಿಂದಲೇ ಹೋಗುತ್ತದೆ ಅನ್ನುತ್ತಾರೆ. ಅದು ತೆಗೆದುಕೊಂಡರೆ ಬ್ಲಾಕ್ ಆಗುವ ಮಾತೇ ಇಲ್ಲ ಅಲ್ವಾ? ಕೆಲವು ಫ್ರೀ ಆಗಿಯೇ ಸಿಗುತ್ತವೆ.

ರೂಟರ್‌ಮನೆ:

ಸಂಜೆಶೋ ಅವರೇ, ಫ್ರೀ ಆಗಿ ಸಿಗುವ ರೆಸಿಡೆನ್ಶಿಯಲ್ ಐಪಿ ಹತ್ತಿರವೂ ಹೋಗಬೇಡಿ. ಆ ಮನೆಯ ಅಡ್ರೆಸ್ ಎಲ್ಲಿಂದ ಬಂತು ಅಂತ ಒಂದು ಕ್ಷಣ ಯೋಚಿಸಿ. ಯಾರದೋ ಮನೆಯ ಕನೆಕ್ಷನ್ ಅದು. ನೀವು ಅವರದ್ದು ಬಳಸುತ್ತಿದ್ದರೆ ನಿಮ್ಮದನ್ನು ಇನ್ಯಾರೋ ಬಳಸುತ್ತಿರುತ್ತಾರೆ. 2015ರಲ್ಲಿ ಹೋಲಾ ಅನ್ನುವ ಫ್ರೀ ವಿಪಿಎನ್ ವಿಷಯದಲ್ಲಿ ಆದದ್ದು ಇದೇ. ಫ್ರೀ ಬಳಕೆದಾರರ ಬ್ಯಾಂಡ್‌ವಿಡ್ತ್ ಅನ್ನು ಲುಮಿನಾಟಿ ಅನ್ನುವ ಹೆಸರಿನಲ್ಲಿ ಬೇರೆಯವರಿಗೆ ಮಾರುತ್ತಿದ್ದರು ಅನ್ನುವುದು ಹೊರಗೆ ಬಂತು. ನಿಮ್ಮ ಮನೆಯ ಅಡ್ರೆಸ್‌ನಿಂದ ಯಾರೋ ಏನೋ ಕೆಟ್ಟ ಕೆಲಸ ಮಾಡಿದರೆ ಮೊದಲು ಬಾಗಿಲು ತಟ್ಟುವುದು ನಿಮ್ಮದನ್ನೇ. ಒಂದು ಸೀರೀಸ್‌ಗಾಗಿ ಇಷ್ಟು ದೊಡ್ಡ ಅಪಾಯ ಬೇಡ.

ಬ್ಲಾಕ್ ಆಗುವುದಿಲ್ಲ ಅನ್ನುವುದೂ ಸುಳ್ಳು. 2021ರ ಆಗಸ್ಟ್‌ನಲ್ಲಿ ನೆಟ್‌ಫ್ಲಿಕ್ಸ್ ಮನೆಗಳ ಅಡ್ರೆಸ್‌ಗಳನ್ನೂ ತಡೆಯಲು ಹೊರಟಿತು. ಆಗ ವಿಪಿಎನ್ ಹೆಸರೇ ಕೇಳದ ಮಾಮೂಲಿ ಮನೆಯವರಿಗೂ ಏಟು ಬಿತ್ತು, ಅವರ ಕ್ಯಾಟಲಾಗ್‌ನಿಂದ ಅರ್ಧಕ್ಕರ್ಧ ಸಿನಿಮಾ ಮಾಯ ಆದ ಹಾಗೆ ಕಂಡಿತು. ವಿಪಿಎನ್ ಅನುಮಾನ ಬಂದಾಗ ನೆಟ್‌ಫ್ಲಿಕ್ಸ್ ಎಲ್ಲಾ ಸಲ ಎರರ್ ಕೊಡುವುದಿಲ್ಲ, ಎಲ್ಲಾ ದೇಶಕ್ಕೂ ತನ್ನ ಹತ್ತಿರ ಹಕ್ಕಿರುವುದನ್ನು ಮಾತ್ರ ತೋರಿಸುತ್ತದೆ. ಹೋಮ್ ಪೇಜ್ ನೋಡಲು ಸರಿಯಾಗಿಯೇ ಇರುತ್ತದೆ. ನಿಮಗೆ ಬೇಕಾದದ್ದನ್ನು ಹುಡುಕಿದಾಗ ಮಾತ್ರ ಅದು ಇರುವುದಿಲ್ಲ. ಜನ 'ನನ್ನ ವಿಪಿಎನ್ ಕೆಲಸ ಮಾಡುತ್ತಿದೆ, ಆ ದೇಶದಲ್ಲೇ ಈ ಸಿನಿಮಾ ತೆಗೆದಿದ್ದಾರೆ' ಅಂದುಕೊಳ್ಳುವುದು ಹೀಗೆ.

ಚಂದಾದಾರ:

ಅಕೌಂಟ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ.

ವಿಪಿಎನ್ ಬಳಸುವುದು ಮತ್ತು ಸರ್ವಿಸ್‌ನ ಷರತ್ತು ಮುರಿಯುವುದು ಬೇರೆ ಬೇರೆ ವಿಷಯ. ವಿಪಿಎನ್ ಅನ್ನೇ ಕಾನೂನಿನಲ್ಲಿ ತಡೆದ ದೇಶಗಳು ಕೆಲವಿವೆ, ನಿಮ್ಮ ದೇಶದ್ದು ನೋಡಿಕೊಳ್ಳಿ. ಷರತ್ತು ಅಂತ ಬಂದರೆ ಅಕೌಂಟ್ ಇರುವ ದೇಶದಲ್ಲೇ ನೋಡಬೇಕು ಅಂತ ದೊಡ್ಡ ಸರ್ವಿಸ್‌ಗಳು ಬರೆದುಕೊಂಡಿರುತ್ತವೆ. ಸಾಮಾನ್ಯವಾಗಿ ಆಗುವುದು ಆ ಹೊತ್ತಿಗೆ ವಿಡಿಯೊ ನಿಲ್ಲುವುದು, ಅಕೌಂಟ್ ಮುಚ್ಚುವುದಲ್ಲ. ಆದರೆ ಅಗ್ಗಕ್ಕೆ ಸಿಗುತ್ತದೆ ಅಂತ ವಿಪಿಎನ್ ಹಾಕಿ ಬೇರೆ ದೇಶದ ರೇಟ್‌ನಲ್ಲಿ ಚಂದಾ ತೆಗೆದುಕೊಳ್ಳುವುದನ್ನು ಹಾಗೇ ಬಿಡುವುದಿಲ್ಲ. ಯೂಟ್ಯೂಬ್ 2024ರಲ್ಲಿ ಅಂಥ ಪ್ರೀಮಿಯಂ ಚಂದಾಗಳನ್ನು ರದ್ದು ಮಾಡಿತು.

ನೆಟ್‌ಫ್ಲಿಕ್ಸ್‌ನ ಜಾಹೀರಾತು ಇರುವ ಪ್ಲಾನ್‌ನಲ್ಲಿ ವಿಪಿಎನ್ ಹಾಕಿದರೆ ನೋಡಲು ಬಿಡುವುದಿಲ್ಲ ಅಂತ ಅವರೇ ಹೇಳಿದ್ದಾರೆ, ಲೈವ್ ಕಾರ್ಯಕ್ರಮಗಳಿಗೂ ಅಷ್ಟೇ. ಇನ್ನು ಕೆಲವು ಸರ್ವಿಸ್ ಐಪಿ ನೋಡುವುದರ ಜೊತೆಗೆ ಕಾರ್ಡ್ ಯಾವ ದೇಶದ್ದು ಅಂತಲೂ ನೋಡುತ್ತವೆ. ಅಲ್ಲಿ ನೀವು ಎಷ್ಟು ಒಳ್ಳೆಯ ವಿಪಿಎನ್ ತಂದರೂ ಪ್ಲೇ ಬಟನ್ ತನಕ ಹೋಗುವುದೇ ಕಷ್ಟ.

ಪ್ರವಾಸಕ್ಕೆ ಹೋದಾಗ ನಿಮ್ಮ ಸ್ವಂತ ದೇಶದ್ದನ್ನು ನೋಡಬೇಕು ಅನ್ನುವುದಾದರೆ ಮೊದಲು ವಿಪಿಎನ್ ಇಲ್ಲದೆ ಆಗುತ್ತದಾ ನೋಡಿ. ಐರೋಪ್ಯ ಒಕ್ಕೂಟದಲ್ಲಿ 2018ರ ಏಪ್ರಿಲ್‌ನಿಂದ ನಿಯಮವೇ ಇದೆ, ದುಡ್ಡು ಕೊಟ್ಟ ಚಂದಾ ಇದ್ದರೆ ಒಕ್ಕೂಟದ ಬೇರೆ ದೇಶಕ್ಕೆ ಸ್ವಲ್ಪ ದಿನಕ್ಕೆ ಹೋದಾಗಲೂ ಮೂಲ ದೇಶದ ಕ್ಯಾಟಲಾಗ್ ಕೊಡಬೇಕು. ಇದು ಎಲ್ಲಾ ಕಡೆ ಬರಬೇಕಿತ್ತು. ದುಡ್ಡು ಕಟ್ಟಿದವನು ಗಡಿ ದಾಟಿದ ಕೂಡಲೇ ಕಳ್ಳನ ಹಾಗೆ ದಾರಿ ಹುಡುಕಬೇಕಾಗುವುದು ನನಗಂತೂ ಸರಿ ಕಾಣುವುದಿಲ್ಲ.

ಬಿಂಜ್‌ಪ್ರಿಯ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪೋರ್ಟ್443 ಹೇಳಿದ ಹಾಗೆ ಐಪಿ ತೋರಿಸುವ ಸೈಟ್ ಫೋನಿನಲ್ಲಿ ತೆರೆದೆ. ಎರಡು ಅಡ್ರೆಸ್ ಬಂತು, ಕೆಳಗಿನ ಉದ್ದದ್ದರ ಪಕ್ಕ ನನ್ನ ಮೊಬೈಲ್ ಕಂಪನಿಯ ಹೆಸರೇ ಇತ್ತು. ಲೀಕ್ ತಡೆಯುವ ಆಯ್ಕೆ ಆನ್ ಮಾಡಿ, ಲೊಕೇಶನ್ ತೆಗೆದು, ಆಪ್ ಹೊಸದಾಗಿ ತೆರೆದ ಮೇಲೆ ಫೋನಿನಲ್ಲೂ ಬರುತ್ತಿದೆ. ಟಿವಿಗೆ ಸದ್ಯ ಲ್ಯಾಪ್‌ಟಾಪ್‌ನಿಂದ ಎಚ್‌ಡಿಎಂಐ ಕೇಬಲ್ ಹಾಕಿ ನೋಡುತ್ತಿದ್ದೇನೆ.

ಈಗ ವಿಪಿಎನ್ ಕಂಪನಿಯವರು ಎರಡು ವರ್ಷದ ಪ್ಲಾನ್ ತುಂಬಾ ಕಡಿಮೆಗೆ ಕೊಡುತ್ತೇವೆ ಅನ್ನುತ್ತಿದ್ದಾರೆ. ತೆಗೆದುಕೊಳ್ಳಲಾ?

ಪೋರ್ಟ್443:

ಸ್ಟ್ರೀಮಿಂಗ್‌ಗೆ ಮಾತ್ರ ಆದರೆ ಬೇಡ. ತಿಂಗಳ ಪ್ಲಾನ್ ಇಟ್ಟುಕೊಳ್ಳಿ, ನಿಂತುಹೋದರೆ ಬಿಟ್ಟು ಬೇರೆ ಕಡೆ ಹೋಗಬಹುದು. ಎರಡು ವರ್ಷದ್ದು ಕಟ್ಟಿ, ಮೂರನೇ ತಿಂಗಳಿಗೆ ನಿಮ್ಮ ಸರ್ವಿಸ್ ಬ್ಲಾಕ್ ಆದರೆ ಆ ದುಡ್ಡು ಹಾಗೇ ಕೂತಿರುತ್ತದೆ. ಪಬ್ಲಿಕ್ ವೈಫೈ, ಆಫೀಸ್ ಕೆಲಸ ಅಂತ ವಿಪಿಎನ್ ಹೇಗೂ ಬೇಕು ಅನ್ನುವುದಾದರೆ ಆಗ ಉದ್ದದ ಪ್ಲಾನ್ ಯೋಚಿಸಿ.

ಬೇರೆ ಕಂಪನಿ ನೋಡುವುದಾದರೆ ರೀಫಂಡ್ ಅವಧಿ ಇರುವುದನ್ನೇ ತೆಗೆದುಕೊಂಡು, ಆ ಅವಧಿಯೊಳಗೆ ನಿಮಗೆ ಬೇಕಾದ ಸರ್ವಿಸ್, ನಿಮಗೆ ಬೇಕಾದ ದೇಶ, ನೀವು ನೋಡುವ ಡಿವೈಸ್, ಈ ಮೂರನ್ನೂ ನೀವೇ ಪರೀಕ್ಷೆ ಮಾಡಿ. ಹಗಲಿನಲ್ಲಿ ಅಲ್ಲ, ರಾತ್ರಿ ಎಲ್ಲರೂ ನೋಡುವ ಹೊತ್ತಿನಲ್ಲಿ. ಆಗ ಸರ್ವರ್ ಮೇಲೆ ಜನ ಜಾಸ್ತಿ ಇರುತ್ತಾರೆ. 1080ಪಿಗೆ 5 ಎಂಬಿಪಿಎಸ್, 4ಕೆಗೆ 15 ಬೇಕು ಅನ್ನುತ್ತದೆ ನೆಟ್‌ಫ್ಲಿಕ್ಸ್, ವಿಪಿಎನ್ ಒಳಗಿನಿಂದ ಅಷ್ಟು ಬರುತ್ತಿದೆಯಾ ನೋಡಿ. ವಿಪಿಎನ್ ಆಪ್‌ನಲ್ಲಿ ಕನೆಕ್ಷನ್ ವಿಧಾನ ಆರಿಸುವ ಕಡೆ ವೈರ್‌ಗಾರ್ಡ್ ಇದ್ದರೆ ಅದನ್ನೇ ಆರಿಸಿ, ಓಪನ್‌ವಿಪಿಎನ್‌ಗಿಂತ ಸ್ಪೀಡ್ ಸಾಮಾನ್ಯವಾಗಿ ಚೆನ್ನಾಗಿ ಬರುತ್ತದೆ. ಕಸ್ಟಮರ್ ಚಾಟ್‌ನಲ್ಲಿ 'ಈ ಸರ್ವಿಸ್‌ಗೆ ಈಗ ಯಾವ ಸರ್ವರ್ ಓಡುತ್ತಿದೆ' ಅಂತ ನೇರವಾಗಿ ಕೇಳಿ. ಸರ್ವರ್ ಹೆಸರು ಹೇಳಿದರೆ ಅವರು ಗಮನ ಇಟ್ಟಿದ್ದಾರೆ ಅಂತ. ಎಲ್ಲಾ ಸರ್ವರ್ ಓಡುತ್ತದೆ ಅಂದರೆ ಬೇರೆ ಕಂಪನಿ ನೋಡಿ.