ಎಲ್‌ಎಲ್‌ಪಿ ಅರ್ಜಿ ವಾಪಸ್ ಬಂತು: ಕರೆಂಟ್ ಬಿಲ್ಲು ತೀರಿಕೊಂಡ ಅಜ್ಜನ ಹೆಸರಲ್ಲಿದೆ

ರೊಟ್ಟಿಬುಟ್ಟಿ:
ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಓರಗಿತ್ತಿಯೂ ಗದಗ ಹತ್ತಿರದ ಹಳ್ಳಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತೇವೆ. ಇಷ್ಟು ದಿನ ಎಲ್ಲವೂ ನನ್ನೊಬ್ಬಳ ಹೆಸರಲ್ಲಿತ್ತು. ವ್ಯಾಪಾರದಲ್ಲಿ ಏನಾದರೂ ಹೆಚ್ಚುಕಮ್ಮಿ ಆದರೆ ಅದು ಮನೆ, ಹೊಲದ ತನಕ ಬರಬಾರದು ಅಂತ ಇಬ್ಬರೂ ಸೇರಿ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ) ಮಾಡಲು ಹೊರಟೆವು. ಡಿಜಿಟಲ್ ಸಹಿ ಆಯಿತು, ನೋಂದಣಿಗೆ ಹಾಕುವ ಫಿಲಿಪ್ ಫಾರಂ ತುಂಬಿದೆವು. ಹೆಸರಿಗೆ ತಕರಾರಿಲ್ಲ. ಆದರೆ ನೋಂದಾಯಿತ ಕಚೇರಿಯ ದಾಖಲೆ ಸರಿಯಿಲ್ಲ, 15 ದಿನದೊಳಗೆ ಸರಿಮಾಡಿ ಕಳಿಸಿ ಅಂತ ವಾಪಸ್ ಬಂದಿದೆ. ನಾಲ್ಕು ದಿನ ಆಗಲೇ ಕಳೆದವು. ಮನೆಯ ಕರೆಂಟ್ ಬಿಲ್ಲು, ಜೊತೆಗೆ ನನ್ನ ಯಜಮಾನರು ಸಹಿ ಮಾಡಿದ ಒಪ್ಪಿಗೆ ಪತ್ರ ಹಾಕಿದ್ದೆ. ಇನ್ನೇನು ಬೇಕಿತ್ತು?

ಲೆಕ್ಕದಪುಸ್ತಕ:
ಮೇಡಂ, ಮೂರು ವಿಷಯ ಹೇಳಿ. ಬಿಲ್ಲು ಯಾವ ತಿಂಗಳದ್ದು? ಯಾರ ಹೆಸರಲ್ಲಿದೆ? ಪಂಚಾಯಿತಿ ಖಾತೆ ಯಾರ ಹೆಸರಲ್ಲಿದೆ?

ರೊಟ್ಟಿಬುಟ್ಟಿ:
ಬಿಲ್ಲು ಮೂರು ತಿಂಗಳ ಹಿಂದಿನದು ಸರ್. ಮೀಟರ್ ಇನ್ನೂ ನಮ್ಮ ಮಾವನವರ ತಂದೆಯ ಹೆಸರಲ್ಲಿದೆ. ಅವರು ಹೋಗಿ ಹತ್ತು ವರ್ಷದ ಮೇಲಾಯಿತು. ಪೌತಿ ಖಾತೆ ಆಗಿದೆ, ಮನೆ ಈಗ ಮಾವನವರ ಹೆಸರಲ್ಲಿ. ಮೀಟರ್ ಹೆಸರು ಬದಲಿಸಲು ಯಾರಿಗೂ ನೆನಪಾಗಲಿಲ್ಲ.

ಲೆಕ್ಕದಪುಸ್ತಕ:
ಅಲ್ಲಿಗೆ ಗುಟ್ಟು ಸಿಕ್ಕಿತು. ನೀವು ಕಳಿಸಿದ ಕಾಗದದಲ್ಲಿ ಬಿಲ್ಲಿನ ಹೆಸರೇ ಒಂದು, ಒಪ್ಪಿಗೆ ಕೊಟ್ಟವರ ಹೆಸರೇ ಇನ್ನೊಂದು. ನಡುವೆ ಮಾವನವರು ಎಲ್ಲೂ ಇಲ್ಲ! ಊರಲ್ಲಿ ಯಜಮಾನರು ಅಂದರೆ ನಿಮ್ಮ ಮನೆಯವರೇ ಇರಬಹುದು, ಕಾಗದದ ಪ್ರಕಾರ ಯಜಮಾನರು ನಿಮ್ಮ ಮಾವ. ನಿಮ್ಮ ಫಾರಂ ಓದುವವರು ಕೂತಿರುವುದು ಹರಿಯಾಣದ ಮಾನೇಸರದ ಕೇಂದ್ರದಲ್ಲಿ. ನಿಮ್ಮ ಮನೆತನದ ಕಥೆ ಅವರಿಗೆ ಹೇಗೆ ಗೊತ್ತಾಗಬೇಕು?

ಒಪ್ಪಿಗೆ ಪತ್ರವನ್ನು ಮಾವನವರ ಹೆಸರಲ್ಲೇ ಹೊಸದಾಗಿ ಬರೆಸಿ, ಎಲ್‌ಎಲ್‌ಪಿಯ ಹೆಸರು ಮತ್ತು ಪೂರ್ತಿ ವಿಳಾಸ ಅದರಲ್ಲಿರಲಿ. ಖಾತೆ ಅವರದೇ ಎಂದು ತೋರಿಸಲು ಪಂಚಾಯಿತಿ ಕೊಡುವ ಇ-ಸ್ವತ್ತಿನ ನಮೂನೆ 9, ಈ ವರ್ಷದ ಮನೆ ಕಂದಾಯದ ರಸೀದಿ ಹಾಕಿ. ಅಜ್ಜನ ಮರಣ ಪ್ರಮಾಣಪತ್ರವೂ ಇದ್ದರೆ ಒಳ್ಳೆಯದು, ಬಿಲ್ಲಿನ ಹೆಸರಿಗೂ ಖಾತೆಯ ಹೆಸರಿಗೂ ಅದೇ ಕೊಂಡಿ. ಕನ್ನಡದಲ್ಲಿರುವ ಕಾಗದಗಳಿಗೆ ಇಂಗ್ಲಿಷ್ ಅನುವಾದ ಸೇರಿಸಿ. ಬಿಲ್ಲು ಎರಡು ತಿಂಗಳಿಗಿಂತ ಹಳೆಯದಾಗಿರಬಾರದು. ಮನೆ ನಂಬರ್ ಎಲ್ಲ ಕಾಗದದಲ್ಲೂ ಒಂದೇ ಇದೆಯಾ ನೋಡಿ, ಒಂದರಲ್ಲಿ ಹಳೇ ನಂಬರ್ ಇನ್ನೊಂದರಲ್ಲಿ ಹೊಸದು ಇದ್ದರೆ ಮತ್ತೆ ತಕರಾರು.

ಹುಣಸೆಕಾಯಿ:
ಅಕ್ಕಾ, ಮೀಟರ್ ಓದುವವರು ಕೊಟ್ಟು ಹೋಗುವ ಆ ನುಣುಪು ಚೀಟಿಯನ್ನೇ ಸ್ಕ್ಯಾನ್ ಮಾಡಿದ್ದೀರಾ? ನಮ್ಮದು ಅಡುಗೆಮನೆ ಕಿಟಕಿಯಲ್ಲಿ ಸಿಕ್ಕಿಸಿಟ್ಟು ಬೆಳ್ಳಗಾಗಿತ್ತು. ಸ್ಕ್ಯಾನ್‌ನಲ್ಲಿ ಆರ್‌ಆರ್ ನಂಬರ್ ಕೂಡ ಕಾಣಲಿಲ್ಲ. ಆನ್‌ಲೈನ್‌ನಲ್ಲಿ ಬಿಲ್ಲು ಇಳಿಸಿಕೊಂಡ ಮೇಲೆ ಸರಿಹೋಯಿತು.

ರೊಟ್ಟಿಬುಟ್ಟಿ:
ಅಯ್ಯೋ, ಅದೇ ಚೀಟಿ! ಮೇಲೆ ಎಣ್ಣೆ ಕಲೆ ಬೇರೆ.

ಹುಣಸೆಕಾಯಿ:
ಸುಮ್ನೆ ಒಬ್ಬರ ಹೆಸರಲ್ಲಿ ಒಪಿಸಿ (ಏಕವ್ಯಕ್ತಿ ಕಂಪನಿ) ಮಾಡಿದ್ದರೆ ಆಗುತ್ತಿರಲಿಲ್ವಾ?

ಲೆಕ್ಕದಪುಸ್ತಕ:
ದುಡಿಯುವವರು ಇಬ್ಬರು ಇದ್ದಾರಲ್ಲ. ಒಪಿಸಿಯಲ್ಲಿ ಸದಸ್ಯರು ಒಬ್ಬರೇ. ಅದೂ ಅಲ್ಲದೆ ಕಂಪನಿ ಅಂದರೆ ವ್ಯವಹಾರ ಎಷ್ಟೇ ಚಿಕ್ಕದಿರಲಿ ಪ್ರತಿ ವರ್ಷ ಆಡಿಟ್. ಎಲ್‌ಎಲ್‌ಪಿಗೆ ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ, ಎರಡರಲ್ಲಿ ಒಂದು ದಾಟುವ ತನಕ ಕಡ್ಡಾಯ ಆಡಿಟ್ ಇಲ್ಲ. ಆದರೆ ಮೇ 30ರೊಳಗೆ ಫಾರಂ 11 (ವಾರ್ಷಿಕ ವಿವರ), ಅಕ್ಟೋಬರ್ 30ರೊಳಗೆ ಫಾರಂ 8 (ಲೆಕ್ಕಪತ್ರ), ಒಂದು ರೂಪಾಯಿ ವ್ಯಾಪಾರ ಆಗದಿದ್ದರೂ ಹಾಕಲೇಬೇಕು.

ಮೇಡಂ, ಕೇಳದೆಯೇ ಹೇಳುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ. ಮನೆ ಉಳಿಯಲಿ ಅಂತ ಎಲ್‌ಎಲ್‌ಪಿ ಮಾಡಿ, ಆಮೇಲೆ ಬ್ಯಾಂಕ್ ಸಾಲಕ್ಕೆ ನೀವಿಬ್ಬರೂ ವೈಯಕ್ತಿಕ ಜಾಮೀನು ಹಾಕಿದರೆ ಆ ಸಾಲದ ಮಟ್ಟಿಗೆ ರಕ್ಷಣೆ ಹೋಯಿತು. ಸಣ್ಣ ವ್ಯಾಪಾರಕ್ಕೆ ಬ್ಯಾಂಕಿನವರು ಕೇಳುವುದೇ ಜಾಸ್ತಿ. ಸಹಿ ಮಾಡುವ ಮೊದಲು ಓದಿ.

ಇನ್ನೊಂದು, ಎಲ್‌ಎಲ್‌ಪಿ ಲಾಭಕ್ಕೆ ಮೊದಲ ರೂಪಾಯಿಯಿಂದಲೇ 30% ತೆರಿಗೆ. ಇಷ್ಟರ ತನಕ ಮಾಫಿ ಅನ್ನೋದು ಅದಕ್ಕಿಲ್ಲ. ಅದಕ್ಕೇ ನಿಮ್ಮಿಬ್ಬರ ಎಲ್‌ಎಲ್‌ಪಿ ಒಪ್ಪಂದ ಬರೆಯುವಾಗ ಇಬ್ಬರಿಗೂ ಸಂಬಳದ ಕಲಮು ಸೇರಿಸಿ. ಮಿತಿಯೊಳಗಿನ ಸಂಬಳ ಲಾಭದಿಂದ ಕಳೆಯುತ್ತದೆ. ಕಲಮು ಇಲ್ಲದಿದ್ದರೆ ಕಳೆಯುವುದಿಲ್ಲ. ನೋಂದಣಿ ಆದ 30 ದಿನದೊಳಗೆ ಒಪ್ಪಂದವನ್ನು ಛಾಪಾ ಕಾಗದದಲ್ಲಿ ಮಾಡಿ ಫಾರಂ 3ರ ಜೊತೆ ಹಾಕಬೇಕು. ಪ್ರಮಾಣಪತ್ರ ಬಂತು ಅಂತ ಖುಷಿಯಲ್ಲಿ ಇದನ್ನು ಮರೆತು ದಂಡ ಕಟ್ಟಿದವರು ಬಹಳ ಜನ.

ರೊಟ್ಟಿಬುಟ್ಟಿ:
ಸರ್, ನನ್ನ ಹೆಸರಿನ ಜಿಎಸ್‌ಟಿ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ) ನಂಬರ್ ಹಾಗೇ ನಡೆಯುತ್ತಾ? ಎರಡು ಸಾವಿರ ಪ್ಯಾಕೆಟ್ ಕವರ್ ಪ್ರಿಂಟ್ ಆಗಿ ಬಂದಿವೆ.

ಲೆಕ್ಕದಪುಸ್ತಕ:
ನಡೆಯಲ್ಲ. ಎಲ್‌ಎಲ್‌ಪಿಗೆ ಬೇರೆಯೇ ಪ್ಯಾನ್ ಬರುತ್ತದೆ, ಎರಡೂ ಹೊಸದಾಗಿ ಆಗಬೇಕು. ಅಲ್ಲಿಯವರೆಗೆ ಹಳೇ ಹೆಸರಲ್ಲೇ ಮಾರಿ, ಆ ಕವರ್ ಖಾಲಿ ಮಾಡಿ. ಹೊಸದು ಈಗಲೇ ಪ್ರಿಂಟ್ ಹಾಕಿಸಬೇಡಿ.

ರೊಟ್ಟಿಬುಟ್ಟಿ (ಹದಿನಾರು ದಿನಗಳ ನಂತರ):
ಪ್ರಮಾಣಪತ್ರ ಬಂತು! ಪ್ಯಾನ್, ಟ್ಯಾನ್ (ತೆರಿಗೆ ಕಡಿತದ ನಂಬರ್) ಎರಡೂ ಜೊತೆಗೇ ಬಂದವು. ಮಾವನವರು ಸಹಿ ಮಾಡುವಾಗ "ಅಂದ್ರ ಈ ಮನಿ ನಂದು ಅಂತ ಈಗರ ಗೊತ್ತಾತಲ್ಲ" ಅಂತ ನಮ್ಮ ಯಜಮಾನರ ಮುಖ ನೋಡಿ ನಕ್ಕರು. ಛಾಪಾ ಕಾಗದ ತರಲು ನಾಳೆ ಗದಗಕ್ಕೆ ಹೋಗುತ್ತಿದ್ದೇವೆ. ಮೀಟರ್ ಹೆಸರು ಬದಲಾವಣೆಗೂ ಅರ್ಜಿ ಹಿಡಿದುಕೊಂಡಿದ್ದೇನೆ.